ಕಲಿಸದೇ ಬಿಟ್ಟದ್ದು

ಹಾಲು ಉಕ್ಕುವುದಕ್ಕೆ ಮುಂಚೆ ಅದರ ಸದ್ದು ನಿಂತುಹೋಗುತ್ತದೆ ಎನ್ನುವುದು ನಲವತ್ತಾರು ವರ್ಷ ಬದುಕಿದ ಅವಳಿಗೆ ಆ ಬೆಳಿಗ್ಗೆಯವರೆಗೆ ಗೊತ್ತಿರಲಿಲ್ಲ. ಪಾತ್ರೆಯ ಅಂಚಿನಲ್ಲಿ ಅಷ್ಟು ಹೊತ್ತು ಪಿಸುಗುಡುತ್ತಿದ್ದದ್ದು ತಟ್ಟನೆ ಸುಮ್ಮನಾಯಿತು. ಆಮೇಲೆ ಬಿಳಿಯ ಗುಮ್ಮಟವೊಂದು ಮೆಲ್ಲಗೆ ಮೇಲೆದ್ದು ಬಂದು, ಅದನ್ನೇ ನೋಡುತ್ತ ನಿಂತಿದ್ದ ಅವಳ ಕಣ್ಣೆದುರಿಗೇ ಒಲೆಯ ಮೇಲೆಲ್ಲ ಇಳಿದುಹೋಯಿತು. ಎಷ್ಟು ಚೆಂದವಾಗಿ ಏರಿತಲ್ಲ, ಸರಿಯಾದ ಅರ್ಧಗೋಲ, ಎಂದುಕೊಳ್ಳುತ್ತಿದ್ದಳೇ ಹೊರತು ಉರಿ ತಗ್ಗಿಸಬೇಕು ಎಂದು ಕೈಗೆ ಹೊಳೆಯಲಿಲ್ಲ. ಒಳಕೋಣೆಯಿಂದ ಅಮ್ಮ, "ಉಕ್ಕಿತಾ?" ಅಂದಳು. "ಇಲ್ಲಮ್ಮ," ಅಂದಳು ಇವಳು. ಸೀದ ವಾಸನೆ ಅಷ್ಟರಲ್ಲಿ ಒಳಗೆ ಹೋಗಿ ಮುಟ್ಟಿತ್ತು. ಅಮ್ಮ ಮತ್ತೇನೂ ಕೇಳಲಿಲ್ಲ. ಹಾಗೆ ಕೇಳದೇ ಬಿಟ್ಟದ್ದು ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು.

ಚಿಕ್ಕಮ್ಮ ಹಿಂದಿನ ದಿನವಷ್ಟೇ ಊರಿಗೆ ಹೊರಟುಹೋಗಿದ್ದಳು. ಮೂರು ವಾರದ ಕೆಳಗೆ ಅಮ್ಮನ ಕೈಯಿಂದ ಲೋಟ ಜಾರಿ ಬಿದ್ದಿತ್ತು. ಎತ್ತಿಕೊಳ್ಳಲು ಚಾಚಿದ ಕೈ ಲೋಟವನ್ನು ಮುಟ್ಟಿದರೂ ಹಿಡಿಯಲಿಲ್ಲ. ಅಮ್ಮ ತನ್ನ ಕೈಯನ್ನೇ ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡುತ್ತ ಕೂತಿದ್ದಳು. ಆಸ್ಪತ್ರೆಯವರು, ಮಾತು ಹೋಗಲಿಲ್ಲ ಪುಣ್ಯ, ಬಲಗಾಲು ಸ್ವಲ್ಪ ಎಳೆಯುತ್ತದೆ, ನಡೆದಾಡುತ್ತ ಸರಿಹೋಗುತ್ತದೆ, ಬಲಗೈ ಮಾತ್ರ ಕಾದು ನೋಡಬೇಕು ಎಂದು ಹೇಳಿ ಮನೆಗೆ ಕಳಿಸಿದರು. ಅಂದಿನಿಂದ ಚಿಕ್ಕಮ್ಮನೇ ಮನೆ ನಡೆಸಿದ್ದಳು. ಹೋಗುವಾಗ ಬಾಗಿಲಲ್ಲಿ ಚೀಲ ಹಿಡಿದು ನಿಂತು, "ನೂರು ಸಲ ಬಡ್ಕೊಂಡೆ ಅಕ್ಕ, ಈ ಹುಡುಗಿಗೆ ಏನಾದ್ರೂ ಕಲಿಸು ಅಂತ. ಈಗ ನೋಡು, ನೀರು ಕಾಯಿಸೋಕೂ ಪುಸ್ತಕ ತೆಗೀಬೇಕು ಇವಳು," ಅಂದಿದ್ದಳು. ಕಿವಿಯ ಪಕ್ಕ ನರೆ ಬಂದ ಹುಡುಗಿ ನಕ್ಕಿದ್ದಳು. ಅಮ್ಮ ನಕ್ಕಿರಲಿಲ್ಲ.

ಹಾಲಿನಲ್ಲಿ ಉಳಿದದ್ದನ್ನು ಫ್ಲಾಸ್ಕಿಗೆ ತುಂಬಿ, ಬಿಸಿ ಆರದಿರಲಿ ಎಂದು ಮುಚ್ಚಳವನ್ನು ಬಲವಾಗಿ ತಿರುವಿ, ಬ್ರೆಡ್ಡಿನ ಪೊಟ್ಟಣದ ಪಕ್ಕ ಅಮ್ಮನ ಮಂಚದ ಹತ್ತಿರ ಇಟ್ಟಳು. ಇನ್ನು ಜಡೆ. ಇದನ್ನು ಶಾಲೆಯಲ್ಲಿ ಯಾರಿಗಾದರೂ ಹೇಳಿದರೆ ನಂಬುವುದಿಲ್ಲ: ಲೋಟ ಬಿದ್ದ ಆ ದಿನದವರೆಗೂ ಪ್ರತಿ ಬೆಳಿಗ್ಗೆ ಅವಳ ಜಡೆಯನ್ನು ಹೆಣೆಯುತ್ತಿದ್ದವಳು ಅಮ್ಮ, ಆಮೇಲಿನ ಮೂರು ವಾರ ಚಿಕ್ಕಮ್ಮ. ಇವಳು ಕುರ್ಚಿಯಲ್ಲಿ ಕೂತು ತಿದ್ದಬೇಕಾದ ಉತ್ತರಪತ್ರಿಕೆ ಓದುತ್ತಿರುವಳು, ಹಿಂದೆ ಅಮ್ಮನ ಬೆರಳು ತಮ್ಮ ಪಾಡಿಗೆ ಓಡಾಡುತ್ತಿರುವುವು. ಮೂರು ಎಳೆ, ಒಂದರ ಮೇಲೊಂದು. ಇದೇನು ಮಹಾ ಎಂದುಕೊಂಡು ಕನ್ನಡಿಯ ಮುಂದೆ ನಿಂತರೆ ಎಡದ್ದು ಬಲಕ್ಕೆ, ಬಲದ್ದು ಎಲ್ಲಿಗೋ. ಮಂಚದ ಮೇಲಿಂದ ಅಮ್ಮನ ಎಡಗೈ ಒಂದು ಸಲ ಮೇಲೆದ್ದು ಮತ್ತೆ ಮಡಿಲಿಗೆ ಬಿತ್ತು. "ಹೋಗು, ಹೊತ್ತಾಯ್ತು," ಅಂದಳು ಅಮ್ಮ. "ಯಾರು ನೋಡ್ತಾರೆ ಜಡೇನ? ಬೋರ್ಡ್ ನೋಡ್ತಾರೆ."

ಆದರೆ ಬೋರ್ಡಿನ ಮೇಲೆ ವೃತ್ತ ಎಳೆಯುವಾಗ ಕ್ಲಾಸಿನ ಕಡೆ ಇರುವುದು ಜಡೆಯೇ. ಹತ್ತನೇ ತರಗತಿಯ ಮೊದಲ ಪೀರಿಯಡ್. ಅವಳು ಯಾವ ಸಾಧನವೂ ಇಲ್ಲದೆ, ಭುಜವನ್ನೇ ಕೇಂದ್ರ ಮಾಡಿಕೊಂಡು, ತೋಳನ್ನು ಒಂದೇ ಸಲ ಬೀಸಿ ವೃತ್ತ ಎಳೆಯುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಈ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅದೊಂದು ದಂತಕಥೆ. ತೋಳು ಮೇಲಕ್ಕೆ ಹೋದಾಗ ಕತ್ತಿನ ಹಿಂದೆ ಏನೋ ಸಡಿಲವಾಯಿತು. ಕೆಳಕ್ಕೆ ಬರುವಾಗ ರಿಬ್ಬನ್ನು ಜಾರಿ ವೇದಿಕೆಯ ಮೇಲೆ ಬಿತ್ತು. ಕೂದಲು ಬೆನ್ನಿನ ತುಂಬ ಹರಡಿಕೊಂಡಿತು. ವೃತ್ತ ಮುಗಿದಿತ್ತು, ಎಂದಿನಂತೆ ಗುಂಡಗೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಲವತ್ತು ಹುಡುಗಿಯರು, ನಲವತ್ತು ಜಡೆ, ಒಂದೊಂದೂ ಅಚ್ಚುಕಟ್ಟು. ಬಾಗಿ ರಿಬ್ಬನ್ ಎತ್ತಿಕೊಂಡು, ಕೂದಲನ್ನು ಕಟ್ಟಿಗೆಯ ಹೊರೆಯ ಹಾಗೆ ಒಟ್ಟಿಗೆ ಹಿಡಿದು ಕಟ್ಟಿದಳು. "ತ್ರಿಕೋನ" ಎಂದು ತನ್ನನ್ನು ಅವರು ಕರೆಯುತ್ತಾರೆಂದು ಅವಳಿಗೆ ಗೊತ್ತಿತ್ತು. ಹೆಸರಿಟ್ಟವರ ಬಗ್ಗೆ ಒಳಗೊಳಗೇ ಪ್ರೀತಿಯೂ ಇತ್ತು. ಇವತ್ತಿನಿಂದ ಅದು ಬದಲಾಗುತ್ತದೇನೋ ಎಂದುಕೊಂಡಳು. "ಸ್ಪರ್ಶಕ ಅಂದ್ರೆ ಏನು?" ಎಂದು ಜೋರಾಗಿಯೇ ಕೇಳಿದಳು. ಒಬ್ಬಳು ಎದ್ದು, ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟಿ ಮುಂದಕ್ಕೆ ಹೋಗಿಬಿಡುವ ರೇಖೆ ಎಂದಳು. ಕಿಟಕಿಯ ಬಿಸಿಲಿನಲ್ಲಿ ಸೀಮೆಸುಣ್ಣದ ಪುಡಿ ತೇಲುತ್ತಿತ್ತು, ಕೆಳಗಿಳಿಯಲು ಅದಕ್ಕೆ ಯಾವ ಅವಸರವೂ ಇರಲಿಲ್ಲ.

ಅವಳಿಗೆ ಹನ್ನೆರಡು ವರ್ಷವಿರಬೇಕು ಆಗ. ಒಲೆಯ ಮುಂದೆ ಅವಳು, ಕೈಯಲ್ಲಿ ಸೌಟು. ಅಪ್ಪ, ಅಜ್ಜಿ, ಇನ್ನಾರೋ ನೆಂಟರು ಹೊರಗೆ ಕೂತಿದ್ದಾರೆ. ಅಮ್ಮ ಹಿಂದಿನಿಂದ ಬಂದು ಸೌಟನ್ನು ಕೈಯಿಂದ ಬಿಡಿಸಿಕೊಳ್ಳುತ್ತಾಳೆ. "ನಿನ್ನ ಕೈ ಇದಕ್ಕಲ್ಲ. ಹೋಗಿ ಓದ್ಕೋ. ಇನ್ನು ಒಳಗೆ ಬರಬೇಡ." ಅಷ್ಟೇ ನೆನಪು, ಮುಂಚಿನದೂ ಇಲ್ಲ, ಆಮೇಲಿನದೂ ಇಲ್ಲ, ಗೋಡೆಗೆ ಹಾಕಿದ ಚಿತ್ರದಂತೆ ಸುತ್ತಲೂ ಚೌಕಟ್ಟು. ಅಂದಿನಿಂದ ಅವಳು ಓದಿದ್ದಳು. ಓರಗೆಯ ಹುಡುಗಿಯರು ಪಾತ್ರೆ ತೊಳೆಯುವಾಗ ಓದಿದಳು, ಅವರು ತೊಟ್ಟಿಲು ತೂಗುವಾಗ ಓದಿದಳು. ಅಡುಗೆ ಬರಲ್ಲ ಅಂದ್ರೆ ಅಡುಗೆಮನೆಗೆ ಕರೆದೊಯ್ಯೋಕೆ ಯಾರಿಗೂ ಆಗಲ್ಲ ಎಂದು ಅಮ್ಮ ಅಂದೇ ಲೆಕ್ಕ ಹಾಕಿದ್ದಳು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಆ ಅಮ್ಮ ತನಗೆ ಕೊಟ್ಟ ಆಸ್ತಿಯೆಂದರೆ ಆ ಗೊತ್ತಿಲ್ಲದಿರುವಿಕೆ, ಎಂದೇ ಅವಳು ಇಷ್ಟು ಕಾಲ ನಂಬಿದ್ದಳು.

ಮೂರು ಗಂಟೆಗೆ ದೊಡ್ಡ ಮೇಡಂ ಕೋಣೆಯಲ್ಲಿ ಮೀಟಿಂಗ್ ಇತ್ತು. ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು, ಆಳು ಕುಳ್ಳಗೆ. ಮೇಜಿನ ಮೇಲೆ ಒಂದು ಹಾಳೆ. ಎಂಟರಿಂದ ಹತ್ತನೇ ತರಗತಿಯವರಿಗೆ ವಾರಕ್ಕೊಂದು ಪೀರಿಯಡ್ "ಬದುಕಿನ ಪಾಠ" ಇರಬೇಕೇ ಎಂದು ಆಡಳಿತ ಮಂಡಳಿ ಕೇಳಿತ್ತು. ಸರಳ ಅಡುಗೆ, ಗುಂಡಿ ಹೊಲಿಯುವುದು, ನಲ್ಲಿ ರಿಪೇರಿ, ಫ್ಯೂಸ್ ಹಾಕುವುದು, ಸುಟ್ಟ ಗಾಯಕ್ಕೆ ಮೊದಲ ಆರೈಕೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು. ಸಮಯ ಸಿಗುವುದು ಶನಿವಾರದ ಎರಡು ಗಣಿತದ ಪೀರಿಯಡ್ಡುಗಳಲ್ಲಿ ಒಂದನ್ನು ತೆಗೆದರೆ. ಪಟ್ಟಿಯ ಕೊನೆಯ ಎರಡು ಸಾಲಿನ ಮೇಲೆ ಅವಳ ಕಣ್ಣು ನಿಂತಿತು, ಅಲ್ಲಿಂದ ಕಿತ್ತು ಬೇರೆಡೆ ಇಟ್ಟಳು.

ಇದೆಲ್ಲ ವಿಜ್ಞಾನದ ಮೇಷ್ಟ್ರ ಉತ್ಸಾಹ. ಮೂವತ್ತೂ ದಾಟದ, ಮಾತಾಡುವಾಗ ಕೈ ಆಡಿಸುವ ಮನುಷ್ಯ. "ನಾನು ಓದೋವಾಗ ಒಂದು ರೂಮಲ್ಲಿ ಒಬ್ಬನೇ ಇದ್ದೆ," ಅಂದರು ಅವರು. "ಜ್ವರ ಬಂತು. ಗಂಜಿ ಮಾಡ್ಕೊಳ್ಳೋಕೆ ಬರ್ತಿರಲಿಲ್ಲ. ಮೂರು ದಿನ ಬಿಸ್ಕೆಟ್ ತಿಂದೆ. ಬೆಳಕು ಎಷ್ಟು ವೇಗವಾಗಿ ಓಡುತ್ತೆ ಅಂತ ನನಗೆ ಬಾಯಿಪಾಠ ಬರ್ತಿತ್ತು."

ಎಲ್ಲರೂ ನಕ್ಕರು. ದೊಡ್ಡ ಮೇಡಂ ಇವಳ ಕಡೆ ತಿರುಗಿದರು. "ಹೋಗೋದು ನಿಮ್ಮ ಪೀರಿಯಡ್ಡು. ನೀವು ಹೇಳಿ."

ಅವಳು ಎದ್ದು ನಿಂತಳು. ಯಾರೂ ಎದ್ದು ಮಾತಾಡಿರಲಿಲ್ಲ. "ನಮ್ಮ ಹುಡುಗಿಯರಿಗೆ ಇದನ್ನ ಕಲಿಸೋಕೆ ಮನೆ ಮನೆಯಲ್ಲೂ ಜನ ತುದಿಗಾಲಲ್ಲಿ ನಿಂತಿದ್ದಾರೆ," ಅಂದಳು. "ಬೆಳಿಗ್ಗೆ ಆರರಿಂದ ಅದೇ ಪಾಠ, ಸಂಜೆ ಹೋದ ಮೇಲೂ ಅದೇ ಪಾಠ. ಇವರಿಗೆ ಅದರಿಂದ ಬಿಡುಗಡೆ ಸಿಗೋದು ಹತ್ತರಿಂದ ನಾಲ್ಕರವರೆಗೆ, ಈ ಕಾಂಪೌಂಡಿನ ಒಳಗೆ. ಅದರೊಳಗೂ ಒಲೆ ತಂದಿಡೋದಾ? ರಸ್ತೆ ಆಚೆ ಗಂಡುಮಕ್ಕಳ ಶಾಲೆ ಇದೆ. ಅಲ್ಲಿ ಶನಿವಾರ ಯಾವ ಪೀರಿಯಡ್ ತೆಗೀತಾರೆ, ಯಾರಾದ್ರೂ ಕೇಳ್ಕೊಂಡು ಬನ್ನಿ." ಕೋಣೆ ಸುಮ್ಮನಾಗಿತ್ತು. ಆ ಮೌನ ಅವಳಿಗೆ ರುಚಿಸಿತು. ಸೌಟಿನ ಕತೆ ಹೇಳಿದಳು. ನಾಲ್ಕನೇ ಕ್ಲಾಸು ಓದಿದ ಹೆಂಗಸು ಮಗಳ ಕೈಯಿಂದ ಸೌಟು ಕಿತ್ತು ಪುಸ್ತಕ ಕೊಟ್ಟದ್ದು. ಅಂದು ಪುಸ್ತಕವನ್ನು ಯಾರೂ ಕೈಗೆ ಕೊಟ್ಟಿರಲಿಲ್ಲ, ಅದು ಹೇಳುವಾಗ ತಾನಾಗಿ ಬಂದು ಸೇರಿಕೊಂಡಿತು. ಹಿಂದಿ ಮೇಡಂ ಕಣ್ಣು ಒದ್ದೆಯಾಯಿತು.

ವಿಜ್ಞಾನದ ಮೇಷ್ಟ್ರು ಮೆಲ್ಲಗೆ, "ಬೇಜಾರು ಮಾಡ್ಕೋಬೇಡಿ ಮೇಡಂ," ಅಂದರು. "ನಿಮಗೆ ಇದೆಲ್ಲ ಈಗ ಬರುತ್ತೆ. ಬೇಡ ಅನ್ನೋದು ಸುಲಭ. ಬರದೇ ಇರೋರ ಪಾಡೇನು?"

ಅದು ಪ್ರಶ್ನೆಯೂ ಆಗಿರಲಿಲ್ಲ. ಬರುತ್ತೆ ಎಂದು ಅವರು ಅಂದುಕೊಂಡಿದ್ದರು, ಹೆಂಗಸಲ್ಲವೇ. ಸುಮ್ಮನಿದ್ದರೂ ನಡೆಯುತ್ತಿತ್ತು. ಕಟ್ಟಿಗೆಯ ಹೊರೆಯಂತೆ ಕಟ್ಟಿದ್ದ ಕೂದಲು ಕತ್ತಿಗೆ ಭಾರವಾಗಿತ್ತು, ಬೆರಳಿನ ಸಂದಿನಲ್ಲಿ ಸೀದ ಹಾಲಿನ ವಾಸನೆ ಇನ್ನೂ ಇತ್ತು. "ಹೌದು, ಬರುತ್ತೆ," ಅಂದಳು ಅವಳು. "ಅಮ್ಮನಿಗೆ ಹುಷಾರಿಲ್ಲ, ಮನೆಯೆಲ್ಲ ಈಗ ನಾನೇ ನೋಡ್ಕೊಳ್ತಿರೋದು. ನನಗೆ ಯಾವ ಶಾಲೇಲಿ ಕಲಿಸಿದ್ರು? ಬೇಕಾದಾಗ ತಾನಾಗೇ ಬಂತು. ಅದು ತಾನಾಗೇ ಬರುತ್ತೆ ಸರ್. ಜ್ಯಾಮಿತಿ ತಾನಾಗೇ ಬರಲ್ಲ."

ಡ್ರಾಯಿಂಗ್ ಮೇಷ್ಟ್ರು ಮೇಜು ತಟ್ಟಿದರು. ಕೈ ಎತ್ತಿಸಿದಾಗ ಆ ಪಾಠದ ಪರವಾಗಿ ಇದ್ದದ್ದು ಎರಡೇ ಕೈ. ಬೇಡ ಅಂತಲೇ ಬರೀತೀನಿ ಎಂದು ದೊಡ್ಡ ಮೇಡಂ ಹಾಳೆಯನ್ನು ಮಡಚಿದರು. ಅಡುಗೆಯ ಜೊತೆಗೆ ಫ್ಯೂಸೂ ನಲ್ಲಿಯೂ ಸುಟ್ಟ ಗಾಯವೂ ಆ ಮಡಿಕೆಯೊಳಗೆ ಹೋದವು. ಎಲ್ಲರೂ ಅವಳನ್ನು ಹೊಗಳುತ್ತ ಮೆಟ್ಟಿಲಿಳಿದರು. ಹೊರಗೆ ಬಿಸಿಲು ಹಳದಿಗೆ ತಿರುಗಿತ್ತು. ಗೆದ್ದವಳ ಹಾಗೆ ನಡೆಯುತ್ತಿದ್ದಳು. ತಳ್ಳುಗಾಡಿಗಳು, ಔಷಧಿ ಅಂಗಡಿ, ಇಸ್ತ್ರಿ ಮಾಡುವವನ ಕೆಂಡದ ಪೆಟ್ಟಿಗೆ, ಎಲ್ಲವೂ ನೀರಿನೊಳಗಿಂದ ಕಂಡಂತೆ ಸ್ವಲ್ಪ ಅಲುಗುತ್ತ ಹಿಂದೆ ಸರಿದವು. ಇಸ್ತ್ರಿಯವನು ಬಟ್ಟೆಯ ಮೇಲೆ ನೀರು ಚಿಮುಕಿಸಿ, ಪೆಟ್ಟಿಗೆಯನ್ನು ಒತ್ತಿ, ಅಂಗಿಯ ತೋಳೊಂದನ್ನು ಗೆರೆ ಎಳೆದಂತೆ ಮಡಚಿದ. ಅವಳು ನಿಂತು ನೋಡಿದಳು. ಅವನ ಕೈಗೆ ಅದು ತಾನಾಗೇ ಬಂದಿತ್ತೇ? ಯಾರೋ ಪಕ್ಕದಲ್ಲಿ ನಿಂತು ಕೈ ಹಿಡಿದು ತೋರಿಸಿರಬೇಕು. ಒಂದೆರಡು ಅಂಗಿ ಸುಟ್ಟು ಹೊಡೆತ ತಿಂದಿರಬೇಕು.

ಬೀಗ ತೆಗೆದಾಗ ಮನೆಯೊಳಗೆ ನೀರಿನ ಸದ್ದು. ಒಂದು ಚೊಂಬು, ಬಿಡುವು, ಇನ್ನೊಂದು ಚೊಂಬು. ಮಂಚದ ಮೇಲೆ ಅಮ್ಮ ಇರಲಿಲ್ಲ. ಹೊದಿಕೆ ಒದ್ದೆ, ನೆಲದ ಮೇಲೆ ಹಾಲು, ಅದರೊಳಗೆ ಫ್ಲಾಸ್ಕು ಮಲಗಿತ್ತು. ಮುಚ್ಚಳ ಗೋಡೆಯ ಬುಡಕ್ಕೆ ಉರುಳಿಹೋಗಿತ್ತು. ಬ್ರೆಡ್ಡಿನ ಪೊಟ್ಟಣದ ಬಾಯಿ ಹಲ್ಲಿನಿಂದ ಕಚ್ಚಿ ಹರಿದಂತಿತ್ತು.

ಬಚ್ಚಲಲ್ಲಿ ಅಮ್ಮ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಳು. ಉದ್ದಂಗಿಯನ್ನು ಮೇಲಕ್ಕೆ ಸರಿಸಿಕೊಂಡು ಎಡಗೈಯಿಂದ ತೊಡೆಯ ಮೇಲೆ ಮೆಲ್ಲಗೆ ನೀರು ಹೊಯ್ದುಕೊಳ್ಳುತ್ತಿದ್ದಳು, ಗಿಡಕ್ಕೆ ಹಾಕುವ ಹಾಗೆ. ಅಂಗೈ ಅಗಲ ಚರ್ಮ ಕೆಂಪಗೆ ಮಿನುಗುತ್ತಿತ್ತು.

"ಬಂದ್ಯಾ," ಅಂದಳು ಅಮ್ಮ. "ಏನೂ ಆಗಿಲ್ಲ. ಹೆದರಬೇಡ."

"ಏನಮ್ಮ ಇದು? ಏನಾಯ್ತು?"

"ಮುಚ್ಚಳ ಬಿಗಿಯಾಗಿತ್ತು. ಒಂದು ಕೈಗೆ ತಿರುಗಲಿಲ್ಲ. ಮಧ್ಯಾಹ್ನ ಬಿಟ್ಟೆ, ಆಮೇಲೆ ಹಸಿವು ತಡೀಲಿಲ್ಲ. ತೊಡೆ ಸಂದೀಲಿ ಇಟ್ಕೊಂಡು ತಿರುವಿದೆ. ತೆರ್ಕೊಳ್ಳೋವಾಗ ಒಂದೇ ಸಲ ತೆರ್ಕೊಂಡ್ತು ಶನಿ."

"ಎಷ್ಟು ಹೊತ್ತಿಗೆ?"

"ಮೂರೂ ಕಾಲಿರಬೇಕು."

ಮೂರೂ ಕಾಲಿಗೆ ಅವಳು ಎದ್ದು ನಿಂತಿದ್ದಳು, ಕೋಣೆ ಸುಮ್ಮನಾಗಿತ್ತು, ಆ ಮೌನ ಅವಳಿಗೆ ರುಚಿಸಿತ್ತು. ಅವಳು ಒಳಗೆ ಓಡಿ ಹಲ್ಲುಜ್ಜುವ ಪೇಸ್ಟ್ ತಂದಳು. ಎಲ್ಲೋ ಯಾರೋ ಹೇಳಿದ್ದ ನೆನಪು. ಅಮ್ಮ ಚೊಂಬಿನಿಂದಲೇ ಅವಳ ಕೈ ತಳ್ಳಿದಳು. "ಅದೆಲ್ಲ ಹಚ್ಚಬಾರದು. ತಣ್ಣೀರು, ಅಷ್ಟೇ. ತುಂಬಿಕೊಡು. ಅಲ್ಲ, ಅಷ್ಟು ಎತ್ತರದಿಂದ ಅಲ್ಲ. ಪಕ್ಕದಿಂದ, ಹರಿದು ಹೋಗೋ ಹಾಗೆ. ಹಾಂ." ಅವಳು ಮೊಣಕಾಲೂರಿ ಕೂತು ನೀರು ಹೊಯ್ದಳು. ಅಮ್ಮನ ಕಾಲನ್ನು ಇಷ್ಟು ಹತ್ತಿರದಿಂದ ಅವಳು ಯಾವತ್ತೂ ನೋಡಿರಲಿಲ್ಲ. ಮಂಡಿಯ ಮೇಲೆ ಹಳೆಯ ಕಲೆಗಳು, ಮೊಣಕೈ ಹತ್ತಿರವೂ, ಮುಂಗೈಯಲ್ಲೂ; ಸಣ್ಣವು, ಉದ್ದನೆಯವು, ಬಿಳಿಚಿಹೋದವು. ಇವೆಲ್ಲ ಯಾವಾಗಿನವು? ಒಂದೊಂದೂ ಯಾವ ಪರೀಕ್ಷೆಯ ಹಿಂದಿನ ದಿನದ್ದೋ.

ಬೀದಿಯ ಮೂಲೆಯ ಕ್ಲಿನಿಕ್ಕಿನವರೆಗೆ ಆಟೋದಲ್ಲಿ ಹೋದರು. ಡಾಕ್ಟರು ನೋಡಿ, ಮೇಲಿನ ಚರ್ಮ ಅಷ್ಟೇ ಎಂದು ನರ್ಸಿಗೆ ಒಪ್ಪಿಸಿದರು. ನರ್ಸು ದಪ್ಪ ಕನ್ನಡಕದ, ಕೈ ಬೇಗಬೇಗ ಓಡುವ ಹೆಂಗಸು. ಪಟ್ಟಿ ಸುತ್ತುತ್ತ, "ಕೂಡ್ಲೇ ತಣ್ಣೀರು ಹಾಕಿದ್ದೀರಲ್ಲ, ಅದು ಒಳ್ಳೇದಾಯ್ತು. ಇಲ್ಲದಿದ್ರೆ ಬೊಕ್ಕೆ ಏಳ್ತಿತ್ತು. ಯಾರು ಹಾಕಿದ್ದು?" ಅಂದಳು.

"ನನ್ನ ಮಗಳು," ಅಂದಳು ಅಮ್ಮ.

"ಏನು ಕೆಲಸದಲ್ಲಿದ್ದೀರಿ?"

"ಹೈಸ್ಕೂಲ್ ಟೀಚರ್," ಅಮ್ಮನೇ ಹೇಳಿದಳು.

"ಅದಕ್ಕೇ ಗೊತ್ತಿದೆ. ಎಷ್ಟೋ ಜನ ಪೇಸ್ಟ್ ಬಳ್ಕೊಂಡು ಬರ್ತಾರೆ ಇಲ್ಲಿಗೆ."

ಗೋಡೆಯ ಮೇಲೆ ಕಣ್ಣಿನ ಪರೀಕ್ಷೆಯ ಅಕ್ಷರಗಳು ಸಾಲಾಗಿ ಸಣ್ಣದಾಗುತ್ತ ಇಳಿದಿದ್ದವು. ಅವಳು ಕೊನೆಯ ಸಾಲನ್ನು ಓದಲು ನೋಡಿದಳು. ಆಗಲಿಲ್ಲ. ಪೆಟ್ಟು ತಿಂದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಅಮ್ಮ ಅವಳ ಮೇಲೆ ಹೊದಿಸಿದ ಆ ಸುಳ್ಳು ಬೆಚ್ಚಗಿತ್ತು, ಅವಳು ಅದರೊಳಗೆ ಬೆವರುತ್ತಿದ್ದಳು.

ಮನೆಗೆ ಬಂದು ಅಮ್ಮನನ್ನು ಅಡುಗೆಮನೆಯಲ್ಲೇ ಕುರ್ಚಿ ಹಾಕಿ ಕೂರಿಸಿದಳು. "ಏನು ಮಾಡಬೇಕು, ಹೇಳು," ಅಂದಳು. "ಹೇಳಿದ ಹಾಗೆ ಮಾಡ್ತೀನಿ."

ಅಮ್ಮ ಒಲೆಯನ್ನು ನೋಡಿದಳು. ಬೆಳಿಗ್ಗೆಯ ಹಾಲು ಅದರ ಮೇಲೆ ಕಂದು ಹಕ್ಕಳೆಯಾಗಿ ಒಣಗಿತ್ತು. "ಬ್ರೆಡ್ ಇದೆಯಲ್ಲ," ಅಂದಳು.

"ಅಮ್ಮ."

"ನಾಳೆಯಿಂದ ಯಾರನ್ನಾದ್ರೂ ಗೊತ್ತು ಮಾಡೋಣ. ನಿನ್ನ ಕೈ ಇದಕ್ಕಲ್ಲ."

"ಇವತ್ತು ಅದನ್ನೇ ಮೀಟಿಂಗಲ್ಲಿ ಹೇಳಿ ಬಂದೆ," ಅಂದಳು ಅವಳು. ನಿಂತೇ ಎಲ್ಲ ಹೇಳಿದಳು. ಪಟ್ಟಿ, ವಿಜ್ಞಾನದ ಮೇಷ್ಟ್ರ ಬಿಸ್ಕೆಟ್ಟು, ಸೌಟಿನ ಕತೆ, ಹಿಂದಿ ಮೇಡಂ ಕಣ್ಣೀರು. "ತಾನಾಗೇ ಬರುತ್ತೆ" ಎಂದದ್ದನ್ನು ಮಾತ್ರ ಹೇಳಲಿಲ್ಲ. ಅಮ್ಮನಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದಳು. ಅಮ್ಮನ ಮುಖ ಮಾತ್ರ, ಬಿಸಿಲಿಂದ ಒಳಗೆ ಬಂದವರ ಮುಖದಂತೆ, ಏನನ್ನೂ ಕಾಣದೆ ಕಣ್ಣು ಕಿರಿದು ಮಾಡಿಕೊಂಡಿತ್ತು.

"ಅಷ್ಟು ಜನದ ಮುಂದೆ ಹೇಳಿದ್ಯಾ?"

"ಹೂಂ. ನೀನು ಮಾಡಿದ್ದು ದೊಡ್ಡದಲ್ವಾ?"

"ಅವತ್ತು ನೀನು ಏನು ಮಾಡಿದ್ದೆ, ನೆನಪಿದೆಯಾ?"

"ಏನು ಮಾಡಿದ್ದೆ? ಸೌಟು ಹಿಡ್ಕೊಂಡು ನಿಂತಿದ್ದೆ."

"ಆಲೂಗಡ್ಡೆ ಹುರಿದಿದ್ದೆ, ಈರುಳ್ಳಿ ಹಾಕಿ. ನಾನು ಮೈ ಬಿಸಿಯಾಗಿ ಮಲಗಿದ್ದೆ. ನೋಡಿ ನೋಡಿಯೇ ಕಲಿತಿದ್ದೆ ನೀನು, ನಾನೇನೂ ಹೇಳಿಕೊಟ್ಟಿರಲಿಲ್ಲ. ಎಲ್ಲರಿಗೂ ಬಡಿಸಿದೆ. ನಿಮ್ಮಜ್ಜಿ ಎರಡು ಸಲ ಹಾಕಿಸ್ಕೊಂಡ್ರು. ಹದಿನಾಲ್ಕು ವರ್ಷ ಬೇಯಿಸಿ ಹಾಕಿದ್ದೆ ನಾನು, ಒಂದು ದಿನ ಆ ಬಾಯಿಂದ ಚೆನ್ನಾಗಿದೆ ಅಂತ ಬಂದಿರಲಿಲ್ಲ. ಅವತ್ತು ಬಂತು. 'ಇನ್ನು ಒಲೆ ಮೊಮ್ಮಗಳಿಗೇ ಬಿಟ್ಟುಕೊಡು, ನಿನ್ನ ಕೈಯಲ್ಲಿ ರುಚಿ ಇಲ್ಲ' ಅಂದ್ರು. ನಿಮ್ಮಪ್ಪ ನಕ್ಕರು."

ಅಮ್ಮನ ಎಡಗೈ ಬಲಗೈಯನ್ನು ಎತ್ತಿ ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡಿತು.

"ಆ ಮನೇಲಿ ಬೀಗದ ಕೈ ಅವರದ್ದು, ಮಾತು ನಿಮ್ಮಪ್ಪಂದು. ನನ್ನದು ಅಂತ ಇದ್ದದ್ದು ಒಲೆಮುಂದಿನ ನಾಲ್ಕು ಅಡಿ ಜಾಗ. ನಿನ್ನ ಕೈಯಿಂದ ಸೌಟು ಕಿತ್ತುಕೊಂಡೆ. ಓದ್ಕೋ ಅಂದೆ. ನಿನಗೋಸ್ಕರ ಅಂತ ಆಮೇಲೆ ನನಗೂ ನಾನು ಹೇಳ್ಕೊಂಡೆ. ನೀನು ಓದಿದೆ, ಮೇಡಂ ಆದೆ, ಆಗ ಎಲ್ಲರೂ ಅದನ್ನೇ ಹೇಳೋಕೆ ಶುರು ಮಾಡಿದ್ರು. ನಾನೂ ನಂಬಿದೆ ಇಷ್ಟು ದಿನ." "ಜಡೆ ಹಾಕ್ಕೊಳ್ಳೋದೂ ಕಲಿಸಲಿಲ್ಲ ನಿನಗೆ. ಅದರಿಂದ ಯಾವ ಓದು ಕೆಡ್ತಿತ್ತು?" ಅಂದಳು.

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅವಳಿಗೆ ಸಿಟ್ಟು ಬರಬೇಕಾಗಿತ್ತು. ಎಲ್ಲಿಂದ ಬರುತ್ತದೆ ಎಂದು ಕಾದಳು. ಅದರ ಬದಲು ನಾಲಿಗೆಯ ಮೇಲೆ ಏನೋ ಬಂತು, ಅಂಚು ಕಂದಿದ ಈರುಳ್ಳಿಯ ಸಿಹಿ, ಅದರ ಹಿಂದೆಯೇ ಅಂಗಳದಲ್ಲಿ ಕೂತವರ ನಗು, ಬಡಿಸುವಾಗ ತನಗಾಗಿದ್ದ ಹೆಮ್ಮೆ. ಮೂವತ್ತನಾಲ್ಕು ವರ್ಷ ಚೌಕಟ್ಟಿನ ಆಚೆ ನಿಂತಿದ್ದವರೆಲ್ಲ ಒಬ್ಬೊಬ್ಬರಾಗಿ ಚಿತ್ರದೊಳಕ್ಕೆ ಬಂದು ಕೂತರು. ಅವರ ನಡುವೆ ಅಮ್ಮ ಇದ್ದಳು, ಮೂವತ್ತೆರಡು ವರ್ಷದ ಹೆಂಗಸು, ಜ್ವರದ ಕಣ್ಣು, ಬಾಗಿಲ ಚೌಕಟ್ಟು ಹಿಡಿದು ನಿಂತವಳು. ಈಗಿನ ತನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಇಷ್ಟು ಚಿಕ್ಕವಳ ಮೇಲೆ ಹೇಗೆ ಸಿಟ್ಟಾಗುವುದು?

"ಆಲೂಗಡ್ಡೆ ಎಲ್ಲಿರುತ್ತೆ?" ಎಂದು ಕೇಳಿದಳು.

"ಬುಟ್ಟೀಲಿ. ಕೆಳಗೆ," ಅಂದಳು ಅಮ್ಮ. ಆಮೇಲೆ, ಮೂಗು ಎಳೆದುಕೊಳ್ಳುತ್ತ, "ಮೊದಲು ಒಲೆ ಒರೆಸು. ಬೆಳಿಗ್ಗೆ ಉಕ್ಕಿಲ್ಲ ಅಂದೆಯಲ್ಲ."

ಅಂದು ಬೆಂದದ್ದರಲ್ಲಿ ಅರ್ಧ ಕರಕು, ಅರ್ಧ ಹಸಿ. ಇಬ್ಬರೂ ತಿಂದರು. ನೋಡಿ ಕಲಿತಿದ್ದ ಹನ್ನೆರಡು ವರ್ಷದ ಆ ಕೈ ಎಲ್ಲಿ ಹೋಯಿತೆಂದು ಅವಳು ತನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಮಾರನೆಯ ದಿನ ಮೊದಲ ಗಂಟೆಗೆ ಮುಂಚೆಯೇ ದೊಡ್ಡ ಮೇಡಂ ಕೋಣೆಗೆ ಹೋದಳು. ಎದುರು ಮನೆಯಾಕೆಯನ್ನು ಕರೆದು ಅಮ್ಮನ ಹತ್ತಿರ ಕೂರಿಸಿ ಬಂದಿದ್ದಳು. ಇಷ್ಟು ವರ್ಷದಲ್ಲಿ ನೆರೆಯವರ ಬಾಗಿಲು ತಟ್ಟಿದ್ದು ಅದೇ ಮೊದಲು. "ನಿನ್ನೆಯ ಕಾಗದ ಕಳಿಸಿಬಿಟ್ರಾ?" ಅಂದಳು.

"ಇನ್ನೂ ಇಲ್ಲ. ಯಾಕೆ?"

"ನಾನು ಸುಳ್ಳು ಹೇಳಿದೆ ಮೇಡಂ. ನನಗೆ ಏನೂ ಬರಲ್ಲ. ತಾನಾಗೇ ಯಾವುದೂ ಬರಲಿಲ್ಲ. ನಿನ್ನೆ ನಾವು ಮೀಟಿಂಗಲ್ಲಿ ಇದ್ದಾಗ ನಮ್ಮಮ್ಮ ಹಾಲು ಚೆಲ್ಲಿ ಸುಟ್ಕೊಂಡ್ರು. ಏನು ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ."

ದೊಡ್ಡ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ನನಗೆ ಹೇಳಿದ್ರೆ ಸಾಲದು. ಕೈ ಎತ್ತಿದ್ದು ಎಲ್ಲರೂ."

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡಬ್ಬಿಗಳು ಬಿಚ್ಚಿಕೊಳ್ಳುತ್ತಿರುವಾಗ ಅವಳು ಮತ್ತೆ ಎದ್ದು ನಿಂತಳು. ಈ ಸಲ ಬಂದ ಮೌನ ಬೇರೆ ತರದ್ದು, ಅದರಲ್ಲಿ ಅಗಿಯುವ ಸದ್ದಿತ್ತು. ಹೇಳುತ್ತ ಹೋದಂತೆ ಮುಖ ಕಿವಿಯವರೆಗೆ ಕಾದುಹೋಯಿತು. ಸೌಟಿನ ನಿಜವನ್ನು ಹೇಳಲಿಲ್ಲ, ಅದು ಅಮ್ಮನದು. ಪುಸ್ತಕ ಕೊಟ್ಟದ್ದು ಸುಳ್ಳು ಎಂದಳು. ಡ್ರಾಯಿಂಗ್ ಮೇಷ್ಟ್ರು ತಮಾಷೆ ಎಂದುಕೊಂಡು ನಕ್ಕು, ಯಾರೂ ನಗದ್ದನ್ನು ಕಂಡು ಡಬ್ಬಿಯೊಳಗೆ ನೋಡತೊಡಗಿದರು. ಹಿಂದಿ ಮೇಡಂ ನಿನ್ನೆಯ ಕಣ್ಣೀರನ್ನು ವಾಪಸ್ ಕೇಳುವವರಂತೆ ಅವಳನ್ನೇ ದಿಟ್ಟಿಸುತ್ತಿದ್ದರು. "ಎದುರು ಶಾಲೆ ವಿಷಯ ಹೇಳಿದ್ದನ್ನ ಮಾತ್ರ ನಾನು ವಾಪಸ್ ತಗೊಳ್ಳಲ್ಲ," ಅಂದಳು ಕೊನೆಗೆ. "ಕಲಿಸೋದಾದ್ರೆ ಅವರಿಗೂ ಕಲಿಸಬೇಕು. ನನ್ನ ಪೀರಿಯಡ್ ತಗೊಳ್ಳಿ."

ವಿಜ್ಞಾನದ ಮೇಷ್ಟ್ರು ಗೆದ್ದವರಂತೆ ಕಾಣಲಿಲ್ಲ. ಪೆಚ್ಚಾಗಿ ಕೂತಿದ್ದರು. "ನನ್ನ ಡಬ್ಬಿ ಕಟ್ಟಿದ್ದು ನನ್ನ ಹೆಂಡತಿ," ಅಂದರು, ಯಾರೂ ಕೇಳದೆ. "ಗಂಜಿ ಮಾಡೋದು ನಾನಿನ್ನೂ ಕಲಿತಿಲ್ಲ ಮೇಡಂ."

ಎದುರು ಶಾಲೆಯ ಹೆಡ್ ಮೇಷ್ಟ್ರು ಮೊದಲು ನಕ್ಕರಂತೆ. ದೊಡ್ಡ ಮೇಡಂ ನಗದೆ ಅರ್ಧ ಗಂಟೆ ಅವರೆದುರು ಕೂತಿದ್ದರಂತೆ. ಕೊನೆಗೆ ಹದಿನೆಂಟು ಹುಡುಗರನ್ನು ಕಳಿಸಲು ಒಪ್ಪಿದರು, ಮೂರು ತಿಂಗಳ ಮಟ್ಟಿಗೆ, ನೋಡೋಣ ಎಂದು. ನಲ್ಲಿ, ಫ್ಯೂಸುಗಳನ್ನು ವಿಜ್ಞಾನದ ಮೇಷ್ಟ್ರು ವಹಿಸಿಕೊಂಡರು. ಹೊಲಿಗೆಗೆ ಡ್ರಾಯಿಂಗ್ ಮೇಷ್ಟ್ರ ಹೆಂಡತಿ. ಗಾಯಕ್ಕೆ ಪಟ್ಟಿ ಸುತ್ತುವುದನ್ನು ತೋರಿಸಲು ಆ ದಪ್ಪ ಕನ್ನಡಕದ ನರ್ಸು ತಿಂಗಳಿಗೊಂದು ದಿನ ಬರುತ್ತೇನೆಂದಳು. ಒಲೆ ಹಚ್ಚಿ ಕಲಿಸುವವರು ಮಾತ್ರ ಸಿಗಲಿಲ್ಲ. ಅಡುಗೆ ಬರುವವರಿಗೆಲ್ಲ ಅದು ಕಲಿಸಬೇಕಾದ ವಿಷಯವೆಂದೇ ಅನ್ನಿಸುತ್ತಿರಲಿಲ್ಲ, ಇದರಲ್ಲಿ ಹೇಳಿಕೊಡೋದಕ್ಕೆ ಏನಿದೆ ಎನ್ನುತ್ತಿದ್ದರು.

ಒಂದು ತಿಂಗಳು ಕಳೆದ ಮೇಲೆ ಒಂದು ಸಂಜೆ ಅವಳು ಇದನ್ನೆಲ್ಲ ಅಮ್ಮನಿಗೆ ಹೇಳುತ್ತಿದ್ದಳು. ಗಾಯ ಮಾಗಿ ಗುಲಾಬಿ ಚರ್ಮ ಬಂದಿತ್ತು. ಅಮ್ಮ ಗೋಡೆ ಹಿಡಿದು ಮನೆಯೆಲ್ಲ ಓಡಾಡುತ್ತಿದ್ದಳು. ಬಲಗೈ ಹೆಬ್ಬೆರಳು ಮಾತ್ರ, ನಿದ್ದೆಯಿಂದ ಏಳಲೋ ಬೇಡವೋ ಎನ್ನುವಂತೆ, ಆಗೀಗ ಅಲುಗುತ್ತಿತ್ತು. ಕಿಟಕಿಯಿಂದ ಬಂದ ಇಳಿಬಿಸಿಲು ಅಡುಗೆಮನೆಯ ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು, ಅದರೊಳಗೆ ಇಬ್ಬರ ಕಾಲೂ ಇದ್ದವು. ಅವಳು ಈರುಳ್ಳಿ ಹೆಚ್ಚುತ್ತಿದ್ದಳು, ನಿಧಾನವಾಗಿ, ಬೆರಳನ್ನು ಒಳಕ್ಕೆ ಮಡಚಿಕೊಂಡು, ಅಮ್ಮ ಹೇಳಿಕೊಟ್ಟ ಹಾಗೆ. ಕಣ್ಣಲ್ಲಿ ನೀರು ಬರುತ್ತಿತ್ತು, ಅದಕ್ಕೆ ಈರುಳ್ಳಿಯ ನೆಪವಿತ್ತು.

"ಯಾರೂ ಸಿಗದಿದ್ರೆ ಅದೊಂದನ್ನ ಬಿಡ್ತಾರಂತೆ," ಅಂದಳು.

ಅಮ್ಮ ಒಲೆಯ ಮುಂದಿನ ಆ ನಾಲ್ಕು ಅಡಿ ನೆಲವನ್ನು, ಅದರ ಮೇಲೆ ನಿಂತ ಮಗಳ ಪಾದಗಳನ್ನು ನೋಡುತ್ತಿದ್ದಳು. ಆಮೇಲೆ, ಬೇರೆ ಏನನ್ನೋ ಕೇಳುವವಳ ಹಾಗೆ, "ನಿಮ್ಮ ಶಾಲೇಲಿ ಆ ಪಾಠ ಮಾಡೋ ಕೋಣೆ ಮೇಲಿದೆಯೋ ಕೆಳಗೋ?" ಅಂದಳು.

"ಮೇಲೆ. ಯಾಕಮ್ಮ?"

"ಮೆಟ್ಟಿಲಿಗೆ ಹಿಡ್ಕೊಳ್ಳೋಕೆ ಕಂಬಿ ಇದೆಯಾ?"

"ಇದೆ. ಒಂದೇ ಕಡೆ."

"ಯಾವ ಕಡೆ?"

ಚಾಕು ನಿಂತಿತು. ಇಪ್ಪತ್ತೆರಡು ವರ್ಷ ಹತ್ತಿ ಇಳಿದ ಮೆಟ್ಟಿಲು. ಅವಳು ಯಾವತ್ತೂ ಕಂಬಿ ಹಿಡಿದಿರಲಿಲ್ಲ, ಕೈಯಲ್ಲಿ ಪುಸ್ತಕವಿರುತ್ತಿತ್ತು. ಕಣ್ಣು ಮುಚ್ಚಿಕೊಂಡಳು. ಕಾರಿಡಾರಿನ ತಂಪು ಬಂತು, ಗಂಟೆ ಹೊಡೆದ ಮೇಲಿನ ಗದ್ದಲ ಬಂತು, ಮೊದಲ ಮೆಟ್ಟಿಲಿನ ಸವೆದ ಅಂಚು ಬಂತು. ಪಕ್ಕದಲ್ಲಿ ಅಮ್ಮ, ಎಳೆಯುವ ಬಲಗಾಲನ್ನು ಎತ್ತಿಡುತ್ತ, ಏದುಸಿರು ಬಿಡುತ್ತ, ಒಂದೊಂದೇ ಹತ್ತುತ್ತಿದ್ದಳು.

"ಹತ್ತುವಾಗ ಎಡಕ್ಕೆ," ಅಂದಳು.

ಅಮ್ಮ ತನ್ನ ಎಡಗೈಯನ್ನು ಒಂದು ಸಲ ಬಿಚ್ಚಿ ಮುಚ್ಚಿ ನೋಡಿದಳು. "ಹತ್ತೋಕೆ ಆಯ್ತು ಹಾಗಾದ್ರೆ," ಅಂದಳು. "ಇಳಿಯೋಕೆ ನೀನಿರ್ತೀಯಲ್ಲ."